ಪಟ್ಟಿಯಲ್ಲಿ ಇಲ್ಲದ ಹೆಸರು



ನಮ್ಮ ಶಾಲೆಯ ಆಫೀಸ್ ಕೋಣೆಯಲ್ಲಿ ಒಂದು ಮರದ ಹಲಗೆ ಇದೆ. ಓಟ, ಎತ್ತರ ಜಿಗಿತ, ಗುಂಡು ಎಸೆತಗಳಲ್ಲಿ ಶಾಲೆಯ ದಾಖಲೆ ಮಾಡಿದ ಮಕ್ಕಳ ಹೆಸರುಗಳು ಅದರ ಮೇಲಿವೆ. ಅದನ್ನು ನೋಡಿದಾಗಲೆಲ್ಲ ಈಚೆಗೆ ನನಗೆ ಅಮೆರಿಕದ ಬೇಸ್‌ಬಾಲ್ ಆಟಗಾರ ಜಾಶ್ ಗಿಬ್ಸನ್ ನೆನಪಾಗುತ್ತಾರೆ.

ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿ ಕ್ರಿಕೆಟ್ಟಿನಂತಲ್ಲ. ಸಾವಿರ ಅವಕಾಶಗಳಲ್ಲಿ ಎಷ್ಟು ಸಲ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರು ಎಂಬ ಲೆಕ್ಕ ಅದು. ಮುನ್ನೂರು ದಾಟಿದರೆ ಒಳ್ಳೆಯ ಆಟಗಾರ. ಇಡೀ ವೃತ್ತಿಜೀವನದ ಪಟ್ಟಿಯಲ್ಲಿ ಬಹುಕಾಲ ಮೊದಲಿದ್ದವರು 1928ರಲ್ಲಿ ಆಟ ಬಿಟ್ಟ ಟೈ ಕಾಬ್. ಅವರದು 367. 2024ರ ಮೇ ತಿಂಗಳಲ್ಲಿ ಆ ಜಾಗಕ್ಕೆ ಗಿಬ್ಸನ್ ಬಂದರು. ಅವರದು 372. ಆ ಹೊತ್ತಿಗೆ ಅವರು ತೀರಿಕೊಂಡು 77 ವರ್ಷವಾಗಿತ್ತು.

ಗಿಬ್ಸನ್ ಕಪ್ಪು ಜನಾಂಗದವರು. ಅವರ ಕಾಲದಲ್ಲಿ ದೊಡ್ಡ ಲೀಗ್‌ಗಳ ಬಾಗಿಲು ಕಪ್ಪು ಆಟಗಾರರಿಗೆ ಮುಚ್ಚಿತ್ತು. ಹಾಗೆಂದು ಎಲ್ಲೂ ಬರೆದಿರಲಿಲ್ಲ, ಆದರೆ ಎಲ್ಲರೂ ಪಾಲಿಸುತ್ತಿದ್ದರು. ಹಾಗಾಗಿ ಅವರು ನೀಗ್ರೋ ಲೀಗ್‌ಗಳಲ್ಲಿ ಆಡಿದರು. 1947ರ ಜನವರಿಯಲ್ಲಿ, ಮೂವತ್ತೈದನೇ ವಯಸ್ಸಿನಲ್ಲಿ ಸತ್ತರು. ಮೂರು ತಿಂಗಳೊಳಗೆ, ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಆ ಬಾಗಿಲು ದಾಟಿದರು. ಗಿಬ್ಸನ್ ಸಮಾಧಿಗೆ ಹೆಸರಿನ ಕಲ್ಲು ಬಿದ್ದದ್ದು 1975ರಲ್ಲಿ.

ಪಟ್ಟಿ ಬದಲಾದಾಗ ಕೆಲವರು ತಕರಾರು ಎತ್ತಿದರು. ಗಿಬ್ಸನ್ ಆಡಿದ ಲೀಗ್ ಪಂದ್ಯಗಳು ಕಡಿಮೆ, ಅವುಗಳ ದಾಖಲೆ ಅಪೂರ್ಣ ಎಂದರು. ಮಾತು ಸುಳ್ಳಲ್ಲ. ಆದರೆ ಪಂದ್ಯಗಳು ಕಡಿಮೆಯಾದದ್ದು ಯಾರಿಂದ? ಇನ್ನೊಂದು ಮಾತು: ಟೈ ಕಾಬ್ ಕೂಡ ತಮ್ಮ ಲೀಗ್‌ನಲ್ಲಿ ಒಬ್ಬ ಕಪ್ಪು ಬೌಲರ್‌ನನ್ನೂ ಎದುರಿಸಬೇಕಾಗಿ ಬರಲಿಲ್ಲ. ಅಂದರೆ ಹಳೆಯ ಪಟ್ಟಿಯೂ ಅಪೂರ್ಣವೇ. ಅಷ್ಟು ವರ್ಷ ಅದನ್ನು ಅಪೂರ್ಣ ಎಂದು ಯಾರೂ ಕರೆಯಲಿಲ್ಲ, ಅಷ್ಟೇ.

ಈ ತಿದ್ದುಪಡಿಯಿಂದ ಗಿಬ್ಸನ್‌ಗೆ ಏನು ಸಿಕ್ಕಿತು? ಏನೂ ಇಲ್ಲ. ಸತ್ತವರಿಗೆ ನ್ಯಾಯ ಕೊಟ್ಟೆವು ಎಂದು ಬೀಗುವುದು ನಮ್ಮ ಮನಸ್ಸಿನ ಒಂದು ಉಪಾಯ. ಇದ್ದುದನ್ನು ಇದ್ದಂತೆ ನೋಡುವ ಅವಕಾಶ ಸಿಕ್ಕಿದ್ದು ಬದುಕಿರುವವರಿಗೆ. ಅದೂ ಸಿಕ್ಕಿದ್ದು ಹೇಗೆ? ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೊ ಡಿಫೆಂಡರ್‌ನಂಥ ಕಪ್ಪು ಜನರ ಪತ್ರಿಕೆಗಳು ಆ ಪಂದ್ಯಗಳ ಅಂಕಿಗಳನ್ನು ಅಂದೇ ಅಚ್ಚು ಹಾಕಿದ್ದವು. ದೊಡ್ಡವರು ಲೆಕ್ಕಕ್ಕೆ ತೆಗೆದುಕೊಳ್ಳದ ಆಟವನ್ನು ಯಾರೋ ಕೂತು ಬರೆದಿಟ್ಟಿದ್ದರು.

ಇಲ್ಲಿಗೆ ಬಂದಾಗ ನನಗೆ ನಾಚಿಕೆಯಾಗುತ್ತದೆ. ಹಲವು ವರ್ಷಗಳ ಹಿಂದೆ, ಕಬ್ಬು ಕಡಿಯಲು ಬಂದಿದ್ದ ಕುಟುಂಬದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿ ಕೂರುತ್ತಿದ್ದಳು. ಟಿ.ಸಿ. ಬಂದಿರಲಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿರಲಿಲ್ಲ. ಕ್ರೀಡಾಕೂಟದ ದಿನ "ನೀನೂ ಸುಮ್ಮನೆ ಓಡಮ್ಮ" ಎಂದೆ. ಸುಣ್ಣದ ಗೆರೆಯ ಆಚೆ, ಬರಿಗಾಲಲ್ಲಿ ಇನ್ನೂರು ಮೀಟರ್ ಓಡಿದಳು. ಎಲ್ಲರಿಗಿಂತ ಮೊದಲು ಬಂದಳು. ನನ್ನ ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿದೆ. ಹಲಗೆಯ ಮೇಲಿದ್ದ ಸಮಯಕ್ಕಿಂತ ಕಡಿಮೆ.

"ಎಷ್ಟಾಯ್ತು ಸರ್?" ಎಂದು ಓಡಿಬಂದು ಕೇಳಿದಳು.

"ಚೆನ್ನಾಗಿ ಓಡಿದೆ ಕಣಮ್ಮ" ಎಂದು ಹೇಳಿ, ಮುಂದಿನ ಓಟಕ್ಕಾಗಿ ಗುಂಡಿ ಒತ್ತಿ ಸೊನ್ನೆಗೆ ತಂದೆ.

ಕಬ್ಬಿನ ಕೆಲಸ ಮುಗಿದು ಅವರು ಹೊರಟುಹೋದರು. ಹಲಗೆಯ ಮೇಲೆ ಅವಳ ಹೆಸರು ಬರೆಸೋಣ ಎಂದು ಈಗ ಅನಿಸಿದರೂ ಬರೆಸಲಾರೆ. ಆ ಅಂಕಿ ನನಗೆ ನೆನಪಿಲ್ಲ. ನಿಯಮ ನನ್ನ ಕೈಯಲ್ಲಿರಲಿಲ್ಲ, ನಿಜ. ಆದರೆ ಜೇಬಿನಲ್ಲಿ ಪೆನ್ನು ಇತ್ತು.

ಅನ್ಯಾಯದ ಪಟ್ಟಿಯನ್ನು ಇಂದೇ ತಿದ್ದುವ ಶಕ್ತಿ ನಮಗೆ ಇಲ್ಲದಿರಬಹುದು. ಕಣ್ಣೆದುರು ನಡೆದದ್ದನ್ನು ಬರೆದಿಡುವ ಶಕ್ತಿ ಇದ್ದೇ ಇದೆ. ಮುಂದೊಂದು ದಿನ ತಿದ್ದಲು ಬರುವವರಿಗೆ ಅದಿಲ್ಲದೆ ಬೇರೆ ಆಧಾರವಿಲ್ಲ.

ಇಂದು ನಮ್ಮೆದುರು ಗೆರೆಯ ಆಚೆ ಓಡುತ್ತಿರುವವರು ಯಾರು? ಸ್ವಲ್ಪ ಗಮನಿಸೋಣ.