ಬಾಗಿಲ ಸಂದು ಮತ್ತು ಉಪವಾಸದ ಫಲ



ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಸೀಮೆಯಲ್ಲಿ ಆಷಾಢ ಕಾಲಿಟ್ಟಿತೆಂದರೆ ಪಡುವಣ ಗಾಳಿಯು ಮಳೆಯ ಎರಚಲನ್ನು ಮನೆಯ ಹೊರಬಾಗಿಲಿಗೇ ತಂದು ಬಡಿಯುತ್ತದೆ. ಬಾಗಿಲ ಅಡಿಯಲ್ಲಿ, ದಾರಂದದ ಬದಿಯಲ್ಲಿ ಬೆರಳಗಲದ ಸಂದಿದ್ದರೂ ಸಾಕು, ಥಂಡಿಗಾಳಿಯೂ ನೀರೂ ಒಳನುಗ್ಗುತ್ತವೆ. ಸಂಜೆ ದೀಪ ಬೆಳಗಿದೊಡನೆ ರೆಕ್ಕೆಯ ಗೆದ್ದಲು, ಪತಂಗಗಳು ಬೆಳಕನ್ನರಸಿ ಅದೇ ದಾರಿಯಿಂದ ಬಂದು ಸಾಯುತ್ತವೆ. ಸೂರ್ಯಾಸ್ತಕ್ಕೆ ಮುನ್ನವೇ ಉಣ್ಣುವ ವ್ರತವುಳ್ಳ ಮನೆಯಲ್ಲಿಯೂ ಬೆಳಗಾಗುವಾಗ ದೀಪದ ಬುಡದಲ್ಲಿ ಸತ್ತ ಹುಳುಗಳ ರಾಶಿಯಿದ್ದರೆ, ಅದು ಪ್ರಮಾದದ ಹಿಂಸೆಯಲ್ಲವೇ?

ವೇಣೂರಿನಲ್ಲಿ 1604ರಿಂದಲೂ, ಧರ್ಮಸ್ಥಳದಲ್ಲಿ 1982ರಿಂದಲೂ ಬಾಹುಬಲಿ ಸ್ವಾಮಿಯ ಬಿಂಬವು ಬಯಲಿನಲ್ಲಿಯೇ ಮಳೆಗೆ ಮೈಯೊಡ್ಡಿ ನಿಂತಿದೆ. ಶೀತ, ದಂಶಮಶಕ ಮೊದಲಾದ 22 ಪರೀಷಹಗಳನ್ನು ಜಯಿಸುವುದು ಮುನಿಧರ್ಮ. ಗೃಹಸ್ಥನು ಸಂದು ಮುಚ್ಚುವುದು ಹೇಡಿತನವಲ್ಲ, ಜೀವದಯೆ.

ಆದರೆ ಮುಚ್ಚುವುದಕ್ಕೂ ಕ್ರಮವಿದೆ. ಮಳೆಗೆ ಮುನ್ನವೇ, ಹಗಲಿನ ಬೆಳಕಿನಲ್ಲಿ ಸಂದನ್ನು ನೋಡಬೇಕು. ಮೃದುವಾದ ಪೊರಕೆಯಿಂದ ಮೆಲ್ಲನೆ ಗುಡಿಸಬೇಕು. ಇರುವೆಗಳು ಮೊಟ್ಟೆ ಸಾಗಿಸುತ್ತಿದ್ದರೆ ಅವು ದಾಟುವ ತನಕ ಕಾಯಬೇಕು. ವಿಷವನ್ನಾಗಲೀ ಬಿಸಿನೀರನ್ನಾಗಲೀ ಸುರಿಯಲಾಗದು. ಅನಂತರ ದಾರಂದದ ಬದಿಗೆ ತೆಳುವಾದ ಮರದ ಪಟ್ಟಿಯನ್ನು, ಬಾಗಿಲ ಅಡಿಗೆ ಹೊಸ್ತಿಲನ್ನು ಮುಟ್ಟುವಂತೆ ರಬ್ಬರಿನ ಪಟ್ಟಿಯನ್ನು ಹೊಡೆಯಬಹುದು. ಅಡಿಗೆಮನೆಯ ಹೊಗೆ ಹೋಗುವ ಕಿಂಡಿಯನ್ನು ಮಾತ್ರ ಮುಚ್ಚಬಾರದು.

ಈ ಕೆಲಸದಲ್ಲಿಯೇ ಮೂರು ತತ್ತ್ವಗಳು ಅಡಗಿವೆ. ಸಂದಿನಿಂದ ನೀರು ಬರುವಂತೆ ಕರ್ಮವು ಬರುವುದು ಆಸ್ರವ; ಸಂದು ಮುಚ್ಚುವುದು ಸಂವರ; ಒಳಗೆ ನಿಂತ ನೀರನ್ನು ಬಳಿದು ಹಾಕುವುದು ನಿರ್ಜರೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಆಸ್ರವವನ್ನೂ, ಒಂಬತ್ತನೆಯದು ಸಂವರ-ನಿರ್ಜರೆಗಳನ್ನೂ ನಿರೂಪಿಸುತ್ತದೆ. ಗುಪ್ತಿ 3, ಸಮಿತಿ 5, ಧರ್ಮ 10, ಅನುಪ್ರೇಕ್ಷೆ 12, ಪರೀಷಹಜಯ 22, ಚಾರಿತ್ರ 5, ಹೀಗೆ ಸಂವರದ ಭೇದಗಳು 57.

ಅನಶನವು ಆರು ಬಾಹ್ಯ ತಪಗಳಲ್ಲಿ ಮೊದಲನೆಯದು; ಕರ್ಮವನ್ನು ಬಳಿದು ಹಾಕುವ ಸಾಧನ. ದಶಲಕ್ಷಣ ಪರ್ವದಲ್ಲಿ ಉಪವಾಸ ಹಿಡಿದ ಅತ್ತೆಯು ಪಾರಣೆಯ ಅಡಿಗೆ ತಡವಾಯಿತೆಂದು ಸೊಸೆಯನ್ನು ಕಟುವಾಗಿ ನಿಂದಿಸಿದರೆ ಏನಾಯಿತು? ಅನ್ನಕ್ಕೆ ಬಾಯಿ ಮುಚ್ಚಿತ್ತು, ಕ್ರೋಧಕ್ಕೆ ತೆರೆದಿತ್ತು. ಸಂದು ಬಿಟ್ಟು ರಾತ್ರಿಯೆಲ್ಲ ನೀರು ಬಳಿದಂತೆ ಆಯಿತು. ಮೈ ದಣಿಯಿತು, ನೆಲ ಒಣಗಲಿಲ್ಲ.

ಆದುದರಿಂದ ವ್ರತ ಹಿಡಿಯುವವರು ಮೊದಲು ತಮ್ಮ ಮನೋವಚನಕಾಯಗಳ ಸಂದುಗಳನ್ನು ಪರೀಕ್ಷಿಸಿಕೊಳ್ಳಲಿ. ಒಂದು ಮಾತು ನೆನಪಿರಲಿ: ಮುಚ್ಚಬೇಕಾದುದು ಸಂದನ್ನು, ಬಾಗಿಲನ್ನಲ್ಲ. ಅತಿಥಿಸಂವಿಭಾಗ ವ್ರತವುಳ್ಳ ಮನೆಯ ಬಾಗಿಲು ಸತ್ಪಾತ್ರರಿಗೂ ಹಸಿದವರಿಗೂ ಎಂದೂ ತೆರೆದೇ ಇರಬೇಕು.