ಇವತ್ತಿನ ಮಾತ್ರೆ ಆಯ್ತೇನಪ್ಪಾ?

ಇಂದಿರಾನಗರದ ನೂರಡಿ ರಸ್ತೆಯ ಯಾವುದೋ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ಒಬ್ಬ ಹುಡುಗನನ್ನು ನೆನೆದುಕೊಳ್ಳೋಣ. ಬೆನ್ನುನೋವಿಗೆಂದು ನುಂಗಿದ ಮಾತ್ರೆ ಈಗ ಅವನನ್ನೇ ನುಂಗುತ್ತಿದೆ. ಒಂದು ಹೊತ್ತು ತಪ್ಪಿದರೆ ಮೈಕೈ ಸೆಳೆತ, ಕಣ್ಣುಮೂಗಲ್ಲಿ ನೀರು, ಭೇದಿ, ನಿದ್ದೆಯಿಲ್ಲದ ರಾತ್ರಿ. ಕೊನೆಗೊಂದು ದಿನ ಅಮ್ಮನ ಜೊತೆ ದೊಮ್ಮಲೂರು, ಕೋರಮಂಗಲ ದಾಟಿ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಬರುತ್ತಾನೆ. ವ್ಯಸನ ಚಿಕಿತ್ಸೆಗೆಂದೇ ಅಲ್ಲಿ ಪ್ರತ್ಯೇಕ ಕೇಂದ್ರವಿದೆ. ಅಮ್ಮ ಕೇಳುವುದು ಒಂದೇ ಮಾತು: "ಡಾಕ್ಟ್ರೇ, ಯಾವ ಔಷಧಿ ಒಳ್ಳೇದು?"

ಅವನದು ಅಫೀಮಿನ ಜಾತಿಯ ನೋವಿನ ಮಾತ್ರೆಯ ಚಟ. ಇಂಥ ಚಟಕ್ಕೆ ಮುಖ್ಯವಾಗಿ ಮೂರು ಔಷಧಿಗಳಿವೆ. ಬುಪ್ರೆನಾರ್ಫಿನ್ ಮಾತ್ರೆಯನ್ನು ನಾಲಿಗೆಯಡಿ ಇಟ್ಟು ಕರಗಿಸಬೇಕು. ಅದು ಹಪಾಹಪಿಯನ್ನು ತಣಿಸುತ್ತದೆ. ಅದರ ಪ್ರಭಾವ ಒಂದು ಮಟ್ಟದಾಚೆ ಏರದ ಕಾರಣ ಉಸಿರು ಕಟ್ಟುವ ಅಪಾಯ ಕಡಿಮೆ. ಆದರೆ ಹಳೆಯ ಮಾದಕ ಮೈಯಿಂದ ಇಳಿಯುವ ಮೊದಲೇ ಆತುರಪಟ್ಟರೆ ಸಂಕಟ ಒಮ್ಮೆಲೇ ಕೆರಳುತ್ತದೆ. ಮೆಥಡೋನ್ ಕುಡಿಯುವ ಔಷಧಿ. ಬೇರೂರಿದ ಚಟಕ್ಕೂ ಅದು ಒದಗುತ್ತದೆ. ಆದರೆ ಸಾಮಾನ್ಯವಾಗಿ ದಿನಾ ಕೇಂದ್ರಕ್ಕೆ ಹೋಗಿ ಸಿಬ್ಬಂದಿಯ ಎದುರೇ ಕುಡಿಯಬೇಕು, ಅದು ಸಿಗುವ ಕೇಂದ್ರಗಳೂ ನಮ್ಮಲ್ಲಿ ಕಡಿಮೆ. ಈ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಮೂರನೆಯದು ನಾಲ್ಟ್ರೆಕ್ಸೋನ್. ಅದಕ್ಕೆ ಅಮಲೂ ಇಲ್ಲ, ಅದು ಚಟವೂ ಆಗದು. ಆದರೆ ಶುರುಮಾಡುವ ಮುನ್ನ 7ರಿಂದ 10 ದಿನ ಮಾದಕವಿಲ್ಲದೆ ಇರಬೇಕು. ಅದನ್ನು ನಡುವೆ ಬಿಟ್ಟು ಮಾದಕದ ಹಳೆಯ ಪ್ರಮಾಣಕ್ಕೆ ಮರಳಿದರೆ, ಪಳಗುವಿಕೆ ಕಳೆದುಕೊಂಡ ಮೈ ತಾಳದೆ ಜೀವಕ್ಕೇ ಕುತ್ತು.

ಹಾಗಾದರೆ ಆಯ್ಕೆ ಹೇಗೆ? ರಾತ್ರಿ ಹನ್ನೆರಡಕ್ಕೆ ಕೆಲಸ ಮುಗಿಸುವವನು ದಿನಾ ಬೆಳಿಗ್ಗೆ ಕೇಂದ್ರಕ್ಕೆ ಬರಬಲ್ಲನೇ? ಮಾತ್ರೆಯನ್ನು ಮನೆಯಲ್ಲಿ ಜೋಪಾನ ಮಾಡುವವರು ಯಾರು? ಅವನ ಯಕೃತ್ತು, ಹೃದಯ ಹೇಗಿವೆ? ಹಿಂದೆ ಎಷ್ಟು ಸಲ ಬಿಟ್ಟು ಮತ್ತೆ ಹಿಡಿದಿದ್ದಾನೆ? ಯಕೃತ್ತು, ಹೃದಯದ ಸ್ಥಿತಿ ಪರೀಕ್ಷೆಯಿಂದ ತಿಳಿದೀತು; ಉಳಿದದ್ದೆಲ್ಲ ಚೆನ್ನಾಗಿ ಗೊತ್ತಿರುವುದು ಅವನಿಗೇ. ಆದ್ದರಿಂದ ವೈದ್ಯರ ವಿದ್ಯೆಯಷ್ಟೇ ಅವನ ಮಾತಿಗೂ ಬೆಲೆಯಿದೆ. ಚಿಕಿತ್ಸೆಯ ಒಳಿತು ಕೆಡುಕು ತಿಳಿದು ಒಪ್ಪಿಗೆ ಕೊಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಅವನಿಗೆ ಕೊಟ್ಟಿದೆ. ಅವನ ಬಾಳಿಗೆ ಹೊಂದಿ, ನಾಳೆಯೂ ಅವನು ತಪ್ಪದೆ ತೆಗೆದುಕೊಳ್ಳಬಲ್ಲ ಔಷಧಿಯೇ ಅವನಿಗೆ ಒಳ್ಳೆಯ ಔಷಧಿ.

ಇಷ್ಟಾಗಿಯೂ ಆಯ್ಕೆಯನ್ನು ಕೆಡಿಸುವ ಮಾತೊಂದಿದೆ: "ಒಂದು ಚಟ ಬಿಟ್ಟು ಇನ್ನೊಂದು ಹಿಡಿದ." ಹೀಗೆನ್ನುವವರು ಚಿಕಿತ್ಸೆ ಶುರುವಾದ ಮೇಲಿನ ಅವನ ದಿನಚರಿಯನ್ನು ನೋಡಲಿ. ಮಾತ್ರೆಗಾಗಿ ಸಾಲ ಮಾಡುತ್ತಿದ್ದವನು ಸಂಬಳ ಮನೆಗೆ ತರುತ್ತಿದ್ದಾನೆ. ಬಚ್ಚಲಲ್ಲಿ ಬಾಗಿಲು ಹಾಕಿ ಕೂರುತ್ತಿದ್ದವನು ಎಲ್ಲರ ಜೊತೆ ಊಟಕ್ಕೆ ಕೂರುತ್ತಿದ್ದಾನೆ. ಚಟ ಕಿತ್ತುಕೊಂಡಿದ್ದನ್ನು ಚಿಕಿತ್ಸೆ ಹಿಂದಿರುಗಿಸುತ್ತಿದೆ. ಮನೆಯವರ ಚುಚ್ಚುಮಾತಿಗೆ ಅಂಜಿ ಅವನು ಔಷಧಿ ಬಿಟ್ಟರೆ, ಹಳೆಯ ದಾರಿ ಹತ್ತಿರದಲ್ಲೇ ಕಾದಿರುತ್ತದೆ.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥವರಿದ್ದರೆ ಮುಚ್ಚಿಡಬೇಡಿ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಕರೆ ಮಾಡಿ. ಚಿಕಿತ್ಸೆ ಶುರುವಾದ ಮೇಲೆ "ಇದನ್ನು ಯಾವಾಗ ನಿಲ್ಲಿಸ್ತೀಯ?" ಎಂದು ಕಾಡಬೇಡಿ. "ಇವತ್ತಿನ ಮಾತ್ರೆ ಆಯ್ತೇನಪ್ಪಾ?" ಎಂದು, ಊಟ ಆಯಿತೇ ಎಂದು ಕೇಳುವಷ್ಟೇ ಅಕ್ಕರೆಯಿಂದ ಕೇಳಿ.