ಶಾಲೆಯ ಸೂರಿಗೆ ಯಾರ ಹಣ?

ಅಮೆರಿಕದ ಅಯೋವಾ ರಾಜ್ಯದಲ್ಲಿ ನೂರು ಡಾಲರಿನ ಬಟ್ಟೆ ಕೊಂಡವನು ರಾಜ್ಯಕ್ಕೆ ಆರು ಡಾಲರ್ ಮಾರಾಟ ತೆರಿಗೆ ಕೊಡುತ್ತಾನೆ. ಅದರಲ್ಲಿ ಒಂದು ಡಾಲರ್ ಸರಕಾರಿ ಶಾಲೆಗಳ ಕಟ್ಟಡ ನಿಧಿಗೆ ಸೇರುತ್ತದೆ. ಸೋರುವ ಸೂರಿನ ದುರಸ್ತಿ, ಹೊಸ ಕೊಠಡಿ, ಪ್ರಯೋಗಾಲಯ ಮುಂತಾದವುಗಳಿಗೆ ಅದನ್ನು ಬಳಸಲಾಗುತ್ತದೆ. ಈ ರಾಜ್ಯ ಮುಸ್ಲಿಮರಿಗೆ ಅಪರಿಚಿತವಲ್ಲ. ಮಸೀದಿಯಾಗಿಯೇ ಕಟ್ಟಲ್ಪಟ್ಟು ಅಮೆರಿಕದಲ್ಲಿ ಇಂದಿಗೂ ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದೆನಿಸಿದ, 1934ರ ಮಸೀದಿ ಇರುವುದು ಅಲ್ಲಿನ ಸೆಡಾರ್ ರ‍್ಯಾಪಿಡ್ಸ್ ನಗರದಲ್ಲಿ. ಆದ್ದರಿಂದ ಈ ತೆರಿಗೆ ಕೊಡುವವರಲ್ಲಿ, ಅದರಿಂದಾದ ಕೊಠಡಿಗಳಲ್ಲಿ ಕುಳಿತು ಓದುವವರಲ್ಲಿ ನಮ್ಮ ಸಹೋದರರೂ ಅವರ ಮಕ್ಕಳೂ ಇದ್ದಾರೆ.

ವಿದ್ಯೆಗಾಗಿ ಹಣ ಕೊಡುವುದು ಪುಣ್ಯ ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಹಣ ಸಂಗ್ರಹಿಸುವ ಯಾವ ವಿಧಾನವೂ ಸರಿಯಾಗಿಬಿಡುತ್ತದೆಯೇ?

ಝಕಾತನ್ನು ಕೊಟ್ಟರೆ ಸಾಕು, ಅದರಾಚೆಗೆ ಸಂಪತ್ತಿನ ಮೇಲೆ ಸಮಾಜಕ್ಕೆ ಹಕ್ಕೇ ಇಲ್ಲ ಎಂದು ಕೆಲವರು ಹೇಳುವುದುಂಟು. ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 177ನೆಯ ಸೂಕ್ತವನ್ನು ಅವರು ಗಮನವಿಟ್ಟು ಓದಬೇಕು. ಬಂಧುಗಳಿಗೆ, ಅನಾಥರಿಗೆ, ದರಿದ್ರರಿಗೆ ಧನ ಕೊಡುವುದನ್ನು ಅಲ್ಲಿ ಒಮ್ಮೆ ಹೇಳಿ, ಝಕಾತನ್ನು ಪ್ರತ್ಯೇಕವಾಗಿ ಮತ್ತೊಮ್ಮೆ ಹೇಳಲಾಗಿದೆ. ಅದೂ ಅಲ್ಲದೆ ಬಹುಸಂಖ್ಯಾತ ಫುಕಹಾಗಳ ಪ್ರಕಾರ ಝಕಾತಿನ ಹಣದಿಂದ ಕಟ್ಟಡ ಕಟ್ಟುವಂತಿಲ್ಲ. ಅದು ಅರ್ಹ ವ್ಯಕ್ತಿಯ ಕೈಗೇ ಸೇರಬೇಕು. ಹಾಗಾದರೆ ಶಾಲೆಯ ಗೋಡೆಗೆ ಬೇರೆ ಮೂಲ ಬೇಕು. ಹಿಂದೆ ಅದು ವಕ್ಫ್ ಆಗಿತ್ತು. 1067ರಲ್ಲಿ ಆರಂಭವಾದ ಬಗ್ದಾದಿನ ನಿಝಾಮಿಯ್ಯಾ ಮದ್ರಸ ನಡೆದುದು ವಕ್ಫ್ ಆಸ್ತಿಯ ಆದಾಯದಿಂದ. ಇಂದು ಊರೂರಿನ ಪ್ರತಿಯೊಂದು ಮಗುವಿಗೂ ಬೆಂಚು ಹಾಕಬೇಕಾದಾಗ ಕೇವಲ ದಾನಿಗಳನ್ನು ನಂಬಿ ಕೂರಲಾಗದು. ತೆರಿಗೆ ಅನಿವಾರ್ಯ.

ತೆರಿಗೆಯ ವಿಷಯದಲ್ಲಿ ನಮ್ಮ ವಿದ್ವಾಂಸರು ಕಟ್ಟುನಿಟ್ಟಾಗಿದ್ದರು. ವರ್ತಕರಿಂದ ಅನ್ಯಾಯವಾಗಿ ಸುಂಕ ವಸೂಲು ಮಾಡುವವನ ಬಗ್ಗೆ ಪ್ರವಾದಿ(ಸ)ಯವರ ಕಠಿಣ ಎಚ್ಚರಿಕೆ ಅವರ ಕಣ್ಣ ಮುಂದಿತ್ತು. ತಾರ್ತಾರರು ಈಜಿಪ್ಟಿನತ್ತ ನುಗ್ಗಿ ಬರುತ್ತಿದ್ದಾಗ, 1260ರ ಐನ್ ಜಾಲೂತ್ ಯುದ್ಧಕ್ಕೆ ಮುನ್ನ, ಪ್ರಜೆಗಳಿಂದ ಹೆಚ್ಚಿನ ಹಣ ಪಡೆಯಲು ಸುಲ್ತಾನ್ ಕುತುಝ್ ಬಯಸಿದನು. ಇಮಾಮ್ ಇಝ್ಝುದ್ದೀನ್ ಬಿನ್ ಅಬ್ದುಸ್ಸಲಾಂ(ರ) ಅನುಮತಿಯೇನೋ ಕೊಟ್ಟರು. ಆದರೆ ಬೈತುಲ್‌ಮಾಲ್ ಬರಿದಾಗಿರಬೇಕು, ಅಮೀರರು ತಮ್ಮ ಚಿನ್ನದ ನಡುಪಟ್ಟಿಗಳನ್ನು ಮೊದಲು ಮಾರಿರಬೇಕು ಎಂಬ ಷರತ್ತು ಹಾಕಿದರು. ಧರ್ಮರಕ್ಷಣೆಯ ಯುದ್ಧಕ್ಕೇ ಇಷ್ಟು ಷರತ್ತು!

ಈ ಅಳತೆಗೋಲಿನಿಂದ ಮಾರಾಟ ತೆರಿಗೆಯನ್ನು ಅಳೆಯೋಣ. ಝಕಾತ್ ಕಡ್ಡಾಯವಾಗುವುದು ಅಗತ್ಯಗಳೆಲ್ಲ ತೀರಿ ಉಳಿದ ಧನ ನಿಸಾಬನ್ನು ಮುಟ್ಟಿದಾಗ. ಮಾರಾಟ ತೆರಿಗೆಯಾದರೋ ಅಗತ್ಯ ತೀರಿಸಿಕೊಳ್ಳುವ ಘಳಿಗೆಯಲ್ಲೇ ಕೈ ಚಾಚುತ್ತದೆ. ತಿಂಗಳಿಗೆ ಎರಡು ಸಾವಿರ ಗಳಿಸುವವನು ಸಾವಿರದಷ್ಟು ತೆರಿಗೆ ಬೀಳುವ ಸಾಮಾನು ಕೊಂಡರೆ, ಶಾಲೆಗೆಂದು ಅವನು ಕೊಡುವುದು ಹತ್ತು. ಆದಾಯದ ಇನ್ನೂರರಲ್ಲಿ ಒಂದು ಪಾಲು. ಇಪ್ಪತ್ತು ಸಾವಿರ ಗಳಿಸುವವನು ನಾಲ್ಕು ಸಾವಿರದಷ್ಟು ಕೊಂಡರೂ ಕೊಡುವುದು ನಲವತ್ತು. ಐನೂರರಲ್ಲಿ ಒಂದು ಪಾಲು. ದರ ಇಬ್ಬರಿಗೂ ಒಂದೇ, ಹೊರೆ ಒಂದೇ ಅಲ್ಲ.

ಅಯೋವಾದಲ್ಲಿ ಮನೆಯ ಅಡಿಗೆ ಸಾಮಾನಿಗೆ ಈ ತೆರಿಗೆಯಿಲ್ಲ ಎಂಬುದು ದೊಡ್ಡ ಸಮಾಧಾನ. ಜಾರ್ಜಿಯಾದಲ್ಲಿ ಹಾಗಲ್ಲ. ಅಲ್ಲಿ 1996ರ ಸಂವಿಧಾನ ತಿದ್ದುಪಡಿಯ ನಂತರ ಜನಮತ ಪಡೆದು ಶಾಲೆಗಳಿಗಾಗಿ ಶೇಕಡಾ ಒಂದರ ಸ್ಥಳೀಯ ತೆರಿಗೆ ಹಾಕಬಹುದು. ರಾಜ್ಯದ ತೆರಿಗೆ ಆಹಾರ ಧಾನ್ಯವನ್ನು ಬಿಟ್ಟರೂ ಈ ಸ್ಥಳೀಯ ತೆರಿಗೆ ಬಿಡುವುದಿಲ್ಲ. ಮಗುವಿನ ಹಾಲಿನ ಮೇಲೆ ತೆರಿಗೆ ಹಾಕಿ ಅದೇ ಮಗುವಿಗೆ ಶಾಲೆ ಕಟ್ಟುವುದರಲ್ಲಿ ಏನು ಜಾಣತನವಿದೆಯೋ ನನಗೆ ತಿಳಿಯದು.

ಅಯೋವಾದ ಅನುಭವದಲ್ಲಿ ಇನ್ನೊಂದು ಪಾಠವಿದೆ. 1998ರಲ್ಲಿ ಈ ತೆರಿಗೆ ಅಲ್ಲಿ ಕೌಂಟಿವಾರು ಆರಂಭವಾಯಿತು. ದೊಡ್ಡ ಮಳಿಗೆಗಳಿದ್ದ ಕೌಂಟಿಗಳ ಶಾಲೆಗಳಿಗೆ ಹಣ ಹರಿಯಿತು. ಪಕ್ಕದ ಹಳ್ಳಿಯ ರೈತ ಅಲ್ಲಿಗೆ ಹೋಗಿ ಸಾಮಾನು ಕೊಂಡು ತೆರಿಗೆ ತೆತ್ತರೂ ಅವನ ಮಕ್ಕಳ ಶಾಲೆಗೆ ಅದರಲ್ಲಿ ಪಾಲಿರಲಿಲ್ಲ. ಈ ಅಸಮಾನತೆಯನ್ನು ಕ್ರಮೇಣ ಸರಿಪಡಿಸಿ, 2008ರಲ್ಲಿ ಅದನ್ನು ರಾಜ್ಯವ್ಯಾಪಿಗೊಳಿಸಿ, ವಿದ್ಯಾರ್ಥಿಗಳ ಸಂಖ್ಯೆಗೆ ಅನುಸಾರವಾಗಿ ಹಂಚುವ ಕ್ರಮ ತರಲಾಯಿತು. ಸಂಪತ್ತು ಧನಿಕರ ನಡುವೆಯೇ ಸುತ್ತುತ್ತಿರಬಾರದೆಂಬ ಅಲ್ ಹಶ್ರ್ ಅಧ್ಯಾಯದ ಆಶಯ ಓದಿದವರಿಗೆ ಈ ತಿದ್ದುಪಡಿಯ ಮಹತ್ವ ವಿವರಿಸಬೇಕಾಗಿಲ್ಲ.

ಆಸ್ತಿ ತೆರಿಗೆಯಿಂದಲೇ ಶಾಲೆ ಕಟ್ಟಬಾರದೇಕೆ ಎಂದು ಕೇಳಬಹುದು. ಅಲ್ಲಿ ಶಾಲೆಗೆ ಸಾಲಪತ್ರ ಎತ್ತಲು ನೂರಕ್ಕೆ ಅರವತ್ತು ಮತಗಳು ಬೇಕು. ಜಮೀನಿದ್ದೂ ಕೈಯಲ್ಲಿ ಕಾಸಿಲ್ಲದ ವೃದ್ಧ ರೈತನ ಕಷ್ಟವೂ ಸುಳ್ಳಲ್ಲ. ಬಡವರ ಮಕ್ಕಳಿಗೆ ಸರಕಾರಿ ಶಾಲೆಯಲ್ಲದೆ ಬೇರೆ ಗತಿಯಿಲ್ಲವೆಂಬುದೂ ನಿಜ. ಹೀಗಾಗಿ, ಅನ್ನಕ್ಕೆ ವಿನಾಯಿತಿಯಿದ್ದು ಹಂಚಿಕೆ ಸಮಾನವಾಗಿದ್ದರೆ ಇಂತಹ ತೆರಿಗೆಗೆ ಮುಸ್ಲಿಮನು ಮನಃಪೂರ್ವಕವಾಗಿ ಮತ ನೀಡಬಹುದೆಂದೇ ನನ್ನ ಅಭಿಪ್ರಾಯ.

ಆದರೆ ನಿಧಿ ಅಮಾನತ್ತಾಗಿರಬೇಕು. 2029ಕ್ಕೆ ಮುಗಿಯಬೇಕಿದ್ದ ಆ ತೆರಿಗೆಯನ್ನು 2019ರಲ್ಲಿ 2051ರವರೆಗೆ ವಿಸ್ತರಿಸಲಾಗಿದೆ. ಅದರ ಒಂದು ಪಾಲು ಆಸ್ತಿ ತೆರಿಗೆಯನ್ನು ಇಳಿಸಲು ಹೋಗುತ್ತದೆ. ಮನೆಯಿಲ್ಲದ ಬಾಡಿಗೆದಾರನು ಶಾಲೆಗೆಂದು ಕೊಟ್ಟ ಕಾಸು ಹೀಗೆ ಭೂಮಾಲಿಕನ ಕಿಸೆಯ ಭಾರ ಇಳಿಸಿದರೆ ಅದಕ್ಕೆ ಶಾಲೆಯ ತೆರಿಗೆಯೆಂಬ ಹೆಸರು ಒಪ್ಪುವುದಿಲ್ಲ. ಕ್ರೀಡಾಂಗಣಗಳಿಗೆ ಈ ಹಣ ಬಳಸುವ ಮುನ್ನ ಸಾರ್ವಜನಿಕ ವಿಚಾರಣೆ ನಡೆಸಬೇಕೆಂದು ಅದೇ ಕಾನೂನು ವಿಧಿಸಿದೆ. ಅಂತಹ ವಿಚಾರಣೆಗೆ ಮಕ್ಕಳ ತಂದೆತಾಯಿಗಳು ತಪ್ಪದೆ ಹೋಗಿ ಕೂರಬೇಕು.

ನಮ್ಮ ದೇಶದಲ್ಲಿಯೂ 2004ರಲ್ಲಿ ಶಿಕ್ಷಣದ ಸೆಸ್ ಬಂದಾಗ ಅದು ಆದಾಯ ತೆರಿಗೆಯೊಂದಿಗೆ ಅಬಕಾರಿ ಸುಂಕಕ್ಕೂ ಅಂಟಿಕೊಂಡಿತ್ತು. ಎಂದರೆ ಕಾರ್ಖಾನೆಯ ಸರಕು ಕೊಂಡ ಕೂಲಿಕಾರನೂ ಅದನ್ನು ತೆತ್ತಿದ್ದನು. 2015ರಲ್ಲಿ ಅಬಕಾರಿಯ ಮೇಲಿನದನ್ನು ಕೈಬಿಡಲಾಯಿತು. 2018ರಿಂದ ಆರೋಗ್ಯ ಮತ್ತು ಶಿಕ್ಷಣ ಸೆಸ್ ಎಂಬ ಹೆಸರಿನಲ್ಲಿ ಆದಾಯ ತೆರಿಗೆಯ ಮೇಲೆ ಶೇಕಡಾ ನಾಲ್ಕು ವಸೂಲಾಗುತ್ತಿದೆ. ಅದನ್ನು ಕೊಡುವಾಗ ಗೊಣಗುವ ನಮ್ಮ ವ್ಯಾಪಾರಿಗಳು, ಊರಿನ ಸರಕಾರಿ ಶಾಲೆಯ ಸೂರು ಹೇಗಿದೆಯೆಂದು ಒಮ್ಮೆಯಾದರೂ ಹೋಗಿ ನೋಡಿದ್ದಾರೆಯೇ?